ಹಿತ್ತಲ ಬೇಲಿಯಾಚೆಯ ಪಗೋಡ

ಆ ಊರಿನ ಹೆಸರು ನಾನು ಹೇಳುವುದಿಲ್ಲ. ಹೇಳಿದರೆ ಅಲ್ಲಿಯವರಿಗೆ ಖುಷಿಯಾಗುತ್ತದೆ, ಅವರಿಗೆ ಖುಷಿ ಕೊಡುವ ಯಾವ ಕೆಲಸವನ್ನೂ ನಾನು ಈ ಜನ್ಮದಲ್ಲಿ ಇನ್ನು ಮಾಡಲಾರೆ. ಡೆಟ್ರಾಯಿಟ್ ಹತ್ತಿರದ ಪ್ಲಿಮತ್‌ನಿಂದ ಕೆಲವು ಮೈಲಿ ಆಚೆ ಅಂದರೆ ಸಾಕು. ನನ್ನ ಗಂಡ ಕಾರಿನ ಬಿಡಿಭಾಗಗಳನ್ನು ಮಾಡುವ ಕಂಪನಿಯೊಂದರಲ್ಲಿ ಎಂಜಿನಿಯರ್. ನಾನು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಿದ್ದೆ. ಅರವತ್ತೆಂಟರಲ್ಲಿ ಮೈಸೂರು ಬಿಟ್ಟು ಬಂದವರು, ಒಂದಷ್ಟು ವರ್ಷ ಬಾಡಿಗೆ ಅಪಾರ್ಟ್‌ಮೆಂಟುಗಳಲ್ಲಿ ಕಳೆದು ಕೊಂಡ ಮೊದಲ ಮನೆ ಅದು.

ಮನೆ ಚಿಕ್ಕದು, ಹಳೆಯದು. ಹಿಂದೆ ಅಲ್ಲಿ ಒಬ್ಬ ಸಾಹುಕಾರನ ದೊಡ್ಡ ಎಸ್ಟೇಟ್ ಇತ್ತಂತೆ, ನಮ್ಮದು ಅವನ ತೋಟ ನೋಡಿಕೊಳ್ಳುವವನ ಮನೆ. ಅವನು ಸತ್ತ ಮೇಲೆ ಮಕ್ಕಳು ಬಂಗಲೆ ಕೆಡವಿಸಿ, ಜಾಗವನ್ನೆಲ್ಲ ಸಬ್‌ಡಿವಿಷನ್ ಮಾಡಿ ಮಾರಿದರು. ಉಳಿದದ್ದು ಎರಡೇ. ಒಂದು ನಮ್ಮ ಮನೆ. ಇನ್ನೊಂದು, ನಮ್ಮ ಹಿತ್ತಲ ಬೇಲಿಯಾಚೆ ಮೇಪಲ್ ಮರಗಳ ನಡುವೆ ನಿಂತಿದ್ದ ಕಲ್ಲಿನ ಪಗೋಡ. ಸಾಹುಕಾರ ತನ್ನ ಯೌವನದಲ್ಲಿ ಪೂರ್ವದ ಯಾವುದೋ ದೇಶದಿಂದ ಅದನ್ನು ಬಿಚ್ಚಿಸಿ, ಹಡಗಿನಲ್ಲಿ ಹೇರಿಸಿ ತಂದು ನಿಲ್ಲಿಸಿದ್ದ. ಸಾವಿರ ವರ್ಷ ಹಳೆಯದು ಅನ್ನುತ್ತಿದ್ದರು. ಚೀನಾದ್ದೋ ಕೊರಿಯಾದ್ದೋ ಎಂಬ ಬಗ್ಗೆ ಊರಿನವರಲ್ಲೇ ಜಗಳವಿತ್ತು. ಒಂದರ ಮೇಲೊಂದು ಅಂತಸ್ತು, ಮೇಲೆ ಹೋದಂತೆ ಕಿರಿದಾಗುವ ಚಾವಣಿಗಳು, ಬುಡದ ಸುತ್ತ ಮುಖ ಸವೆದುಹೋದ ಕೂತ ಬುದ್ಧರು. ದೂರದಿಂದ ನೋಡಿದರೆ ಟಿಫಿನ್ ಕ್ಯಾರಿಯರ್ ಇಟ್ಟಂತೆ ಕಾಣುತ್ತಿತ್ತು. ಮೊದಮೊದಲು ನನಗೆ ಅದರ ಮೇಲೆ ಪ್ರೀತಿಯೂ ಇರಲಿಲ್ಲ, ದ್ವೇಷವೂ ಇರಲಿಲ್ಲ.

ದ್ವೇಷ ಶುರುವಾದದ್ದು ದೇಶಕ್ಕೆ ಇನ್ನೂರು ವರ್ಷ ತುಂಬಿದ ಎಪ್ಪತ್ತಾರರಲ್ಲಿ. ಆ ವರ್ಷ ಎಲ್ಲರಿಗೂ ಚರಿತ್ರೆಯ ಹುಚ್ಚು ಹಿಡಿದಿತ್ತು. ಪಕ್ಕದ ಊರಿನಲ್ಲಿ ಹಳೆಯ ಹಿಟ್ಟಿನ ಗಿರಣಿ ಇತ್ತು, ಇನ್ನೊಂದು ಊರಿನಲ್ಲಿ ಯಾರೋ ಸೇನಾಪತಿ ಮಲಗಿ ಎದ್ದ ಮಂಚವಿತ್ತು. ನಮ್ಮ ಊರಿನಲ್ಲಿ ಏನೂ ಇರಲಿಲ್ಲ, ಪಗೋಡ ಬಿಟ್ಟರೆ. ಸರಿ, ಅದನ್ನು ಐತಿಹಾಸಿಕ ಸ್ಮಾರಕ ಮಾಡಲು ಒಂದು ಕಮಿಟಿ ಹುಟ್ಟಿಕೊಂಡಿತು. ಅಧ್ಯಕ್ಷೆ ನಮ್ಮ ಬೀದಿಯ ಕೊನೆಯ ಮನೆಯ ಹೆಂಗಸು. ಎತ್ತರದ ಆಳು, ಬಿಳಿ ಕೂದಲು, ಯಾವಾಗಲೂ ನಗುಮುಖ. ನಾವು ಆ ಬೀದಿಗೆ ಬಂದು ಅಷ್ಟು ಕಾಲವಾದರೂ ಒಂದು ದಿನ ಬಾಗಿಲು ತಟ್ಟದವಳು ಆ ವಸಂತದಲ್ಲಿ ಬಾಳೆಹಣ್ಣಿನ ಕೇಕ್ ಹಿಡಿದು ಬಂದಳು.

"ಡಿಯರ್, ನೀವು ಭಾರತದವರು. ಬುದ್ಧ ನಿಮ್ಮವನು. ಸಭೆಯಲ್ಲಿ ನೀವು ಎರಡು ಮಾತಾಡಿದರೆ ಅದರ ತೂಕವೇ ಬೇರೆ. ಸೀರೆ ಉಟ್ಟುಕೊಂಡು ಬನ್ನಿ, ದಯವಿಟ್ಟು," ಎಂದಳು.

ನನಗೆ ಆಗಲೇ ಏನೋ ಸರಿಯಿಲ್ಲ ಅನಿಸಿತ್ತು. ನನ್ನ ಗಂಡನದು ದಾಕ್ಷಿಣ್ಯದ ಸ್ವಭಾವ. "ಪಾಪ, ಮನೆ ಬಾಗಿಲಿಗೆ ಬಂದು ಕೇಳ್ತಿದಾರೆ, ಆಗಲ್ಲ ಅಂತ ಹೇಗೆ ಅನ್ನೋದು? ಹೋಗಿ ಬಾರೇ," ಅಂದರು. ಮನೆಗೆ ಬಂದವರ ಮುಖಕ್ಕೆ ಇಲ್ಲ ಅನ್ನಬಾರದು ಅನ್ನುವುದೊಂದು ರೋಗ ನಮ್ಮವರಿಗೆ. ನಾನು ರೇಷ್ಮೆ ಸೀರೆ ಉಟ್ಟು, ಬರಿಗೈಯಲ್ಲಿ ಹೋಗಬಾರದೆಂದು ಒಂದು ಡಬ್ಬ ಚಕ್ಕುಲಿಯನ್ನೂ ಹಿಡಿದು ಹೋದೆ. ಎದ್ದು ನಿಂತು, ನಮ್ಮ ದೇಶದಲ್ಲಿ ಹಳೆಯ ಕಲ್ಲಿಗೆ ಎಷ್ಟು ಮರ್ಯಾದೆ ಕೊಡುತ್ತೇವೆ ಎಂದು ಹೇಳಿದೆ. ಚಪ್ಪಾಳೆ ತಟ್ಟಿದರು. ಚಕ್ಕುಲಿ ಖಾಲಿಯಾಯಿತು. ಸ್ಮಾರಕವೂ ಆಯಿತು. ಆಮೇಲೆ ಗೊತ್ತಾದದ್ದು, ಸ್ಮಾರಕದ ಎಲ್ಲೆಯೊಳಗೆ ಹಳೆಯ ಎಸ್ಟೇಟಿನ ಉಳಿಕೆ ಎಂದು ನಮ್ಮ ಮನೆಯನ್ನೂ ಸೇರಿಸಿದ್ದಾರೆ, ಹೊರಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೂ ಇನ್ನು ಕಮಿಟಿಯನ್ನು ಕೇಳಬೇಕು ಎಂದು. ಮೂಗಿಗೆ ತುಪ್ಪ ಸವರುವುದು ಅಂದರೆ ಏನೆಂದು ನನಗೆ ಅವತ್ತು ಸರಿಯಾಗಿ ಅರ್ಥವಾಯಿತು. ಗಂಡ ಮಾತ್ರ, "ಬಿಡು, ನಾವೇನು ಮೊಳೆ ಹೊಡೀತಾ ಕೂತಿರ್ತೀವಾ?" ಅಂದರು.

ಅದೇ ಬೇಸಿಗೆಯಲ್ಲಿ ಅಮ್ಮ ಬಂದಳು.

ನಾನು ಒಬ್ಬಳೇ ಮಗಳು. ಅಪ್ಪ ಹೋದ ಮೇಲೆ ಅಮ್ಮ ಮೈಸೂರಿನಲ್ಲಿ ತಂಗಿಯ ಮನೆಯಲ್ಲಿದ್ದಳು. ಚಿಕ್ಕಮ್ಮ ಕೆಟ್ಟವಳೇನಲ್ಲ, ಆದರೆ ಅದು ಅವಳ ಮನೆ, ಅವಳ ಸೊಸೆಯ ಅಡಿಗೆಮನೆ. ಅಮ್ಮನನ್ನು ಖಾಯಂ ಆಗಿ ಕರೆಸಿಕೊಳ್ಳಬೇಕೆಂಬ ಒಂದೇ ಆಸೆಗೆ ನಾನು ಇಲ್ಲಿಯ ಸಿಟಿಜನ್ ಆದೆ. ಕೋರ್ಟಿನಲ್ಲಿ ಕೈ ಎತ್ತಿ ಪ್ರಮಾಣ ಮಾಡುವಾಗ ನನ್ನ ಕಣ್ಣ ಮುಂದೆ ಇದ್ದದ್ದು ಬಾವುಟವಲ್ಲ, ಅಮ್ಮ.

ಬಂದ ಮೊದಲ ಬೆಳಿಗ್ಗೆಯೇ ಮಹಡಿಯ ಕಿಟಕಿಯಿಂದ ಪಗೋಡ ನೋಡಿ ಅಮ್ಮ ಕೈ ಮುಗಿದಳು.

"ಹಿತ್ತಲಲ್ಲೇ ದೇವಸ್ಥಾನ ಇದೆ ಅಂತ ಒಂದು ಮಾತೂ ಬರೀಲಿಲ್ವಲ್ಲೇ ನೀನು!"

"ದೇವಸ್ಥಾನ ಅಲ್ಲಮ್ಮ, ಅದು ಬುದ್ಧಂದು."

"ಬುದ್ಧ ಏನು ಬೇರೆಯೋನಾ? ದಶಾವತಾರದಲ್ಲಿ ಒಂಬತ್ತನೆಯೋನು," ಎಂದು ಹೇಳಿ ಸ್ನಾನಕ್ಕೆ ಹೋದಳು.

ಅಲ್ಲಿಂದ ದಿನಾ ಬೆಳಿಗ್ಗೆ ಸ್ನಾನ ಮಾಡಿ, ಬೇಲಿಯ ಪುಟ್ಟ ಗೇಟು ದಾಟಿ, ಪಗೋಡಕ್ಕೆ ಪ್ರದಕ್ಷಿಣೆ. ಸೀರೆಯ ಸೆರಗು ಹೊದ್ದು, ಏನೋ ಗೊಣಗಿಕೊಂಡು, ನಿಧಾನವಾಗಿ ಸುತ್ತುವಳು. ಆಗ ಡೆಟ್ರಾಯಿಟ್ ಸುತ್ತ ನಮಗೆ ಹೇಳಿಕೊಳ್ಳುವಂಥ ದೇವಸ್ಥಾನವೇ ಇರಲಿಲ್ಲ. ಹಬ್ಬ ಬಂದರೆ ವೆಸ್ಟ್ ಬ್ಲೂಮ್‌ಫೀಲ್ಡ್‌ನ ಡಾಕ್ಟರೊಬ್ಬರ ಬೇಸ್‌ಮೆಂಟಿನಲ್ಲಿ ಸೇರುತ್ತಿದ್ದೆವು. ಅಮ್ಮನಿಗೆ ಆ ಕಲ್ಲು ಸಿಕ್ಕಿದ್ದು ನನಗೂ ಸಮಾಧಾನವಾಗಿತ್ತು, ಸುಳ್ಳು ಹೇಳುವುದಿಲ್ಲ. ಅಧ್ಯಕ್ಷೆಗಂತೂ ಲಾಟರಿ ಹೊಡೆದಂತಾಯಿತು. ಕ್ಯಾಮೆರಾ ತಂದು ಅಮ್ಮನ ಫೋಟೋ ತೆಗೆದಳು. ಊರಿನ ಪತ್ರಿಕೆಯಲ್ಲಿ ಬಂತು: ಬುಡದ ಬುದ್ಧರಿಗೆ ಅಡ್ಡವಾಗಿ ಅಮ್ಮನ ಹಸಿರು ಸೀರೆ, ಮುಗಿದ ಕೈ. ಅಮ್ಮ ಅದನ್ನು ದೇವರ ಗೂಡಿನ ಪಕ್ಕ ಅಂಟಿಸಿಕೊಂಡಳು. "ಒಳ್ಳೇ ಹೆಂಗಸು ಕಣೇ," ಎಂದಳು.

ಆಗಸ್ಟ್ ಮುಗಿಯುವ ಹೊತ್ತಿಗೆ ಅಮ್ಮನ ಮಂಡಿ ಕೈಕೊಟ್ಟಿತು. ಮೊದಲೇ ಸವೆದಿದ್ದ ಮಂಡಿಗಳು. ಒಂದು ದಿನ ಮೆಟ್ಟಿಲಲ್ಲಿ ಜಾರಿ ಬಿದ್ದದ್ದೇ ನೆಪ. ಡಾಕ್ಟರು ಇನ್ನು ಮೆಟ್ಟಿಲು ಹತ್ತಲೇಬಾರದು ಅಂದರು. ನಮ್ಮ ಮನೆಯಲ್ಲಿ ಮಲಗುವ ಕೋಣೆಗಳೂ, ಇದ್ದ ಒಂದೇ ಬಾತ್‌ರೂಮೂ ಮಹಡಿಯ ಮೇಲೆ. ಕೆಳಗೆ ಕೂರುವ ಕೋಣೆ, ಊಟದ ಕೋಣೆ, ಅಡಿಗೆಮನೆ, ಅಷ್ಟೆ. ಊಟದ ಕೋಣೆಯಲ್ಲಿ ಅಮ್ಮನಿಗೆ ಮಂಚ ಹಾಕಿದೆವು. ಆಸ್ಪತ್ರೆ ಸಾಮಾನಿನ ಅಂಗಡಿಯಿಂದ ಕಮೋಡಿನ ಕುರ್ಚಿ ತಂದು ಮೂಲೆಯಲ್ಲಿಟ್ಟು, ನನ್ನ ಎರಡು ಹಳೆಯ ಸೀರೆಗಳನ್ನು ಅಡ್ಡ ಕಟ್ಟಿದೆವು.

ಆ ಮೂಲೆಯ ಗೋಡೆಯಾಚೆ ಅಡಿಗೆಮನೆ, ಅಲ್ಲೇ ದೇವರ ಗೂಡು. ಜೀವಮಾನವಿಡೀ ಮಡಿ ಉಟ್ಟು ಅಡಿಗೆ ಮಾಡಿದ ಹೆಂಗಸು ನನ್ನ ಅಮ್ಮ. ಅಳಿಯ ಪಕ್ಕದಲ್ಲಿ ತಟ್ಟೆ ಹಿಡಿದು ಕೂತಿರುವಾಗ ಸೀರೆಯ ಪರದೆಯ ಹಿಂದೆ ಹೋಗುವುದಕ್ಕಿಂತ ಸಾಯುವುದು ವಾಸಿ ಅಂದುಕೊಂಡಳು. ನಾವಿಬ್ಬರೂ ಕೆಲಸಕ್ಕೆ ಹೋದ ಮೇಲೆ ಮೆಟ್ಟಿಲ ಮೇಲೆ ಹಿಂದುಮುಂದಾಗಿ ಕೂತು, ಕೈಯೂರಿ, ಒಂದೊಂದೇ ಮೆಟ್ಟಿಲು ಕುಂಡೆ ಎಳೆದುಕೊಂಡು ಮಹಡಿ ಹತ್ತುತ್ತಿದ್ದಳು. ನನಗೆ ಗೊತ್ತಾದದ್ದು ಅವಳ ಅಂಗೈಗಳು ಕಿತ್ತುಹೋಗಿದ್ದನ್ನು ನೋಡಿದಾಗ. ಬೈದೆ, ಅತ್ತೆ, ಇನ್ನು ಹಾಗೆ ಮಾಡುವುದಿಲ್ಲ ಎಂದು ಆಣೆ ಹಾಕಿಸಿಕೊಂಡೆ. ಆಮೇಲೆ ಅವಳು ಬೇರೆ ಉಪಾಯ ಹುಡುಕಿಕೊಂಡಳು, ನೀರು ಕುಡಿಯುವುದನ್ನೇ ಬಿಟ್ಟಳು. ಕಾಫಿಗೆ ಪ್ರಾಣ ಬಿಡುತ್ತಿದ್ದವಳು ಲೋಟ ಮುಂದಿಟ್ಟರೆ "ಬೇಡ ಮಗು, ಪಿತ್ತ" ಅನ್ನುತ್ತಿದ್ದಳು. ಸೆಪ್ಟೆಂಬರಿನಲ್ಲಿ ಮೂತ್ರದ ಸೋಂಕಾಗಿ ಜ್ವರ ಬಂತು. ಅವಳ ಸ್ಯಾಂಪಲನ್ನು ನಮ್ಮ ಲ್ಯಾಬಿನಲ್ಲಿ ನಾನೇ ನೋಡಿದೆ.

ದಾರಿ ಒಂದೇ ಇತ್ತು. ಮನೆಯ ಹಿಂಭಾಗಕ್ಕೆ ಅಂಟಿಕೊಂಡಂತೆ ಕೆಳಗೆ ಒಂದು ಸಣ್ಣ ಕೋಣೆ, ಅದಕ್ಕೊಂದು ಬಾತ್‌ರೂಮ್. ಮುಂದೆ ರಸ್ತೆ, ಎರಡು ಪಕ್ಕಗಳಲ್ಲೂ ಜಾಗವಿಲ್ಲ. ಮನೆ ಮಾರಿ ಬೇರೆ ಕಡೆ ಹೋಗೋಣವೆಂದರೆ ಆಗ ಕೊಳ್ಳುವವರು ಯಾರಿದ್ದರು? ಏನು ಮಾಡಬೇಕಾದರೂ ಕಮಿಟಿಯನ್ನು ಕೇಳಬೇಕಾದ ಮನೆ ಎಂದು ತಿಳಿದ ಕೂಡಲೇ ಬಂದವರು ಹಾಗೇ ತಿರುಗಿ ಹೋಗುತ್ತಿದ್ದರು. ಗಂಡನ ಸ್ನೇಹಿತರೊಬ್ಬರು ನಕ್ಷೆ ಬರೆದುಕೊಟ್ಟರು. ಚಳಿ ಬೀಳುವ ಮೊದಲು ಗೋಡೆ ಎದ್ದರೆ ಅಮ್ಮ ಉಳಿಯುತ್ತಾಳೆ, ಇಲ್ಲದಿದ್ದರೆ ಇಲ್ಲ ಎಂದು ನನಗೆ ಖಚಿತವಾಗಿ ಗೊತ್ತಿತ್ತು. ಅಧ್ಯಕ್ಷೆಯ ಮನೆಗೆ ನಾನೇ ಹೋಗಿ ಇದನ್ನೆಲ್ಲ ಬಿಡಿಸಿ ಹೇಳಿದೆ. ಅಮ್ಮನ ಅಂಗೈ, ಪರದೆ, ಕಾಫಿ, ಎಲ್ಲ. ಹೇಳುವುದಕ್ಕೆ ನಾಚಿಕೆಯಾಗುವಂಥದ್ದನ್ನೂ ಹೇಳಿದೆ. ಅವಳು ನನ್ನ ಕೈ ಹಿಡಿದುಕೊಂಡು "ಪೂರ್ ಡಿಯರ್" ಅಂದಳು.

ಅಕ್ಟೋಬರಿನಲ್ಲಿ ಸಭೆ ಸೇರಿತು. ಈ ಸಲ ನಾನು ಪ್ಯಾಂಟು ಹಾಕಿಕೊಂಡು ಹೋದೆ, ಚಕ್ಕುಲಿ ಒಯ್ಯಲಿಲ್ಲ. ನಮ್ಮ ನಕ್ಷೆಯನ್ನು ಗೋಡೆಗೆ ಅಂಟಿಸಿದರು. ಅದರ ಪಕ್ಕ ಅಧ್ಯಕ್ಷೆ ಒಂದು ದೊಡ್ಡ ಫೋಟೋ ಇಟ್ಟಳು. ಅಮ್ಮನ ಫೋಟೋ! ಅದೇ ಹಸಿರು ಸೀರೆ, ಅದೇ ಮುಗಿದ ಕೈ, ಹಿಂದೆ ಮರಗಳು, ಅಂಚಿನಲ್ಲಿ ನಮ್ಮ ಮನೆಯ ಹಳೆಯ ಹಿಂಗೋಡೆ.

"ನೋಡಿ, ನಾವು ಕಾಪಾಡಬೇಕಾದದ್ದು ಈ ನೋಟವನ್ನು," ಎಂದಳು ಎಲ್ಲರ ಕಡೆ ತಿರುಗಿ. "ಈ ಹಿರಿಯ ಮಹಿಳೆ ಇಲ್ಲಿ ಪಡೆಯುವ ಶಾಂತಿಯನ್ನು ನೋಡಿ. ಇದರ ಮಧ್ಯೆ ಒಂದು ಹೊಸ ಗೋಡೆ, ಬಾತ್‌ರೂಮಿನ ಕಿಟಕಿ, ಪೈಪು ಬಂದರೆ ಹೇಗಿರುತ್ತದೆ?"

ನನಗೆ ಕೋಪ ನೆತ್ತಿಗೇರಿತು. ಎದ್ದು ನಿಂತೆ. "ಆ ಕೋಣೆ ಕೇಳುತ್ತಿರುವುದು ಆ ಫೋಟೋದಲ್ಲಿರುವ ಹೆಂಗಸಿಗೇ. ಅವಳು ನನ್ನ ತಾಯಿ. ಅವಳಿಗೆ ಈಗ ನಿಮ್ಮ ಪಗೋಡದವರೆಗೆ ನಡೆಯಲು ಆಗುವುದಿಲ್ಲ, ಪಾಯಿಖಾನೆಯವರೆಗೂ ನಡೆಯಲು ಆಗುವುದಿಲ್ಲ," ಎಂದೆ. ಇನ್ನೂ ಏನೇನೋ ಅಂದೆ, ಒಳ್ಳೆಯ ಇಂಗ್ಲಿಷಿನಲ್ಲಿ ಅಲ್ಲ. ಸಭೆಯಲ್ಲಿ ಒಬ್ಬರಾದರೂ ನನ್ನ ಮುಖ ನೋಡಲಿಲ್ಲ. ಪಕ್ಕದಲ್ಲಿದ್ದ ಗಂಡ ನನ್ನ ಕೋಟಿನ ತುದಿ ಹಿಡಿದು ಎಳೆಯುತ್ತಿದ್ದರು. ಬೇಡವೆನ್ನಲು ಕೈಗಳು ಎದ್ದವು, ನಕ್ಷೆ ಬಿದ್ದುಹೋಯಿತು. ಹೊರಗೆ ಬರುವಾಗ ಅಧ್ಯಕ್ಷೆ ಬಾಗಿಲಲ್ಲಿ ನಿಂತು, "ಇದು ವೈಯಕ್ತಿಕ ಅಲ್ಲ, ಹನಿ," ಅಂದಳು. ನನ್ನ ಮಟ್ಟಿಗೆ ಅಷ್ಟು ವೈಯಕ್ತಿಕವಾದದ್ದು ಅದಕ್ಕೆ ಮೊದಲೂ ಆಗಿರಲಿಲ್ಲ, ಆಮೇಲೂ ಆಗಿಲ್ಲ.

ಮನೆಗೆ ಬಂದು ಏನಾಯಿತೆಂದು ಹೇಳುವ ಮೊದಲೇ ಅಮ್ಮನಿಗೆ ನನ್ನ ಮುಖದಿಂದ ಗೊತ್ತಾಯಿತು. "ನನ್ನ ಕಳಿಸಿಬಿಡು ಮಗು. ನಿನ್ನ ಚಿಕ್ಕಮ್ಮನ ಮನೇಲಿ ಬಚ್ಚಲು ಕೆಳಗೇ ಇದೆ," ಎಂದಳು. ಎಷ್ಟು ಸಾದಾ ಮಾತು ಅದು.

ನವೆಂಬರಿನಲ್ಲಿ ಟಿಕೆಟ್ ಆಯಿತು. ವಿಮಾನ ಶಿಕಾಗೋದಿಂದ. ಹಿಂದಿನ ದಿನವೇ ಕಾರಿನಲ್ಲಿ ಹೊರಟು ಅಲ್ಲಿಯ ವಿಮಾನ ನಿಲ್ದಾಣದ ಬಳಿ ಡೆಸ್ ಪ್ಲೇನ್ಸ್‌ನಲ್ಲಿದ್ದ ಸ್ನೇಹಿತರ ಮನೆಗೆ ಹೋದೆವು, ಕೆಳಗೇ ಬಾತ್‌ರೂಮ್ ಇದ್ದ ಮನೆಗೆ. ಅಮ್ಮ ಅಲ್ಲಿ ಎರಡು ಸಲ ಕಾಫಿ ಕೇಳಿ ಕುಡಿದಳು. ನಾನು ಅದನ್ನು ನೋಡುತ್ತಾ ಕೂತಿದ್ದೆ. ತಲೆಯ ಮೇಲೆ ವಿಮಾನಗಳು ಒಂದರ ಹಿಂದೊಂದು ಇಳಿಯುತ್ತಿದ್ದವು, ಕಿಟಕಿಯ ಗಾಜು ನಡುಗುತ್ತಿತ್ತು.

ಸಂಜೆ ಮಂಡಿಗೆ ಹಚ್ಚೋಣವೆಂದು ಅವಳ ಚೀಲದಲ್ಲಿ ಹರಳೆಣ್ಣೆಯ ಬಾಟಲಿ ಹುಡುಕಿದೆ. ಡ್ರಗ್‌ಸ್ಟೋರಿನಿಂದ ಪ್ರಯಾಣಕ್ಕೆಂದೇ ಹೊಸದಾಗಿ ತಂದಿದ್ದ ದೊಡ್ಡ ಬಾಟಲಿ ಅದು. ಖಾಲಿ.

"ಎಣ್ಣೆ ಏನಾಯ್ತಮ್ಮ?"

"ಕಲ್ಲಿಗೆ ಹಚ್ಚಿ ಬಂದೆ."

"ಯಾವ ಕಲ್ಲು?"

"ಅದೇ ಕಣೇ, ನಮ್ಮ ಹಿತ್ತಲಿಂದು. ಬೆಳಿಗ್ಗೆ ನೀವಿಬ್ರೂ ಕಾರಿಗೆ ಸಾಮಾನು ತುಂಬ್ತಿದ್ರಲ್ಲ, ಆವಾಗ. ಸ್ಟೂಲ್ ತಳ್ಕೊಂಡು ತಳ್ಕೊಂಡು ಹೋದೆ. ಎಣ್ಣೆ ಕಾಣದೆ ಎಷ್ಟು ಕಾಲವಾಗಿತ್ತೋ, ಹಚ್ಚಿದ್ದೆಲ್ಲ ಹಾಗೇ ಕುಡಿದುಬಿಡ್ತು. ಚಳಿಗೆ ಬಿರಿಯಲ್ವಾ, ಪಾಪ."

ನಮ್ಮ ಕಡೆ ಗುಡಿಯ ಮೂರ್ತಿಗೆ ಎಣ್ಣೆ ಹಚ್ಚುತ್ತಾರೆ, ಒಣಗಿ ಸೀಳಬಾರದು ಎಂದು. ಯಾರೂ ಎಣ್ಣೆ ಕೊಡದ ಮೂರ್ತಿಯೆಂದರೆ ಅಮ್ಮನ ಲೆಕ್ಕದಲ್ಲಿ ಯಾರೂ ಅನ್ನ ಹಾಕದ ಮನುಷ್ಯ. ಅದೆಲ್ಲ ನನಗೂ ಗೊತ್ತು. ಆದರೂ ಮೈ ಉರಿದುಹೋಯಿತು.

"ಆ ದರಿದ್ರ ಕಲ್ಲಿಗಾ? ಅದರಿಂದ ತಾನೇ ನೀನು ಹೊರಟಿರೋದು? ನಿನ್ನ ಮಂಡಿ ಎಣ್ಣೆನ ಅದಕ್ಕೆ ಸುರಿದು ಬಂದ್ಯಾ?"

"ಕಲ್ಲೇನು ಮಾಡಿತೇ? ಅದನ್ನೇನು ಕೇಳಿ ತಂದು ನಿಲ್ಲಿಸಿದ್ರಾ?" ಎಂದಳು ಅಮ್ಮ. ಮಾರನೆಯ ದಿನ ಗಾಲಿಕುರ್ಚಿಯಲ್ಲಿ ಕೂತು, ಕೈ ಬೀಸಿ, ಹೋದಳು. ಮುಂದಿನ ವರ್ಷ ಚಿಕ್ಕಮ್ಮನ ಮನೆಯಲ್ಲೇ ತೀರಿಕೊಂಡಳು. ಟೆಲಿಗ್ರಾಂ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು.

ನಾನು ಆ ಕಮಿಟಿಯ ಯಾರೊಂದಿಗೂ ಮಾತಾಡುವುದನ್ನು ಬಿಟ್ಟೆ. ಅಧ್ಯಕ್ಷೆ ಬೀದಿಯಲ್ಲಿ ಎದುರಾದರೆ ರಸ್ತೆ ದಾಟುತ್ತಿದ್ದೆ. ಕ್ರಿಸ್‌ಮಸ್‌ಗೆ ಅವಳು ಕಳಿಸಿದ ಕೇಕನ್ನು ಹಿತ್ತಲಿನ ಅಳಿಲುಗಳಿಗೆ ಹಾಕಿದೆ. ಗಂಡ, "ಎಷ್ಟು ದಿನ ಹೀಗೆ ಹಲ್ಲು ಕಡೀತೀಯ?" ಎಂದು ಕೇಳಿದರು. ಹಲ್ಲು ಇರುವವರೆಗೆ ಎಂದೆ. ಪಗೋಡದ ಕಡೆ ತಿರುಗಿಯೂ ನೋಡಲಿಲ್ಲ. ಮಹಡಿಯ ಆ ಕಿಟಕಿಗೆ ದಪ್ಪ ಪರದೆ ಹಾಕಿದೆ.

ಎಪ್ಪತ್ತೊಂಬತ್ತರ ಶರತ್ಕಾಲದ ಒಂದು ಭಾನುವಾರ ಹಿತ್ತಲಲ್ಲಿ ಎಲೆ ಗುಡಿಸುತ್ತಿದ್ದೆ. ಬೇಲಿಯಾಚೆ ಒಂದು ಬಸ್ಸಿನಷ್ಟು ಜನ ಬಂದು ನಿಂತರು. ಸ್ಮಾರಕ ನೋಡಲು ಹಾಗೆ ಆಗಾಗ ಬರುತ್ತಿದ್ದರು. ಅಧ್ಯಕ್ಷೆ ಎಂದಿನಂತೆ ಕೈಯಾಡಿಸಿ ವಿವರಿಸುತ್ತಿದ್ದಳು. ಯಾರೋ ಒಬ್ಬ ಕೇಳಿದ, "ಈ ಬುಡದಲ್ಲಿ ಒಂದು ಕಡೆ ಮಾತ್ರ ಕಪ್ಪಾಗಿದೆಯಲ್ಲ, ಯಾಕೆ?"

ಎಲೆ ಗುಡಿಸುತ್ತಿದ್ದ ನನ್ನ ಕೈ ನಿಂತಿತು.

"ಒಳ್ಳೆಯ ಪ್ರಶ್ನೆ," ಎಂದಳು ಅವಳು. "ಇದು ಪವಿತ್ರ ತೈಲ. ಶತಮಾನಗಳ ಕಾಲ ಯಾತ್ರಿಕರು ಹಚ್ಚಿ ಹಚ್ಚಿ ಕಲ್ಲಿನೊಳಗೆ ಇಳಿದಿದೆ. ಇತ್ತೀಚೆಗೆ ಒಬ್ಬ ತಜ್ಞರನ್ನು ಕರೆಸಿದ್ದೆವು, ಅವರೂ ಹಾಗೇ ಹೇಳಿದರು. ಎಷ್ಟು ಕೆಳಗಿದೆ ನೋಡಿ. ಭಕ್ತಿಯಿಂದ ಮಂಡಿಯೂರಿ ಹಚ್ಚುತ್ತಿದ್ದರು, ಅದಕ್ಕೇ."

ತಜ್ಞರನ್ನು ಕರೆಸುವ ಮೊದಲು ಹಳೆಯ ಫೋಟೋ ತೆಗೆದು ನೋಡಿದ್ದರೆ ಸಾಕಿತ್ತು. ಆದರೆ ಅವರು ಮೆಚ್ಚಿ ದೊಡ್ಡದು ಮಾಡಿಸಿದ ಫೋಟೋದಲ್ಲಿ ಆ ಭಾಗಕ್ಕೇ ಅಮ್ಮನ ಸೀರೆ ಅಡ್ಡವಾಗಿತ್ತು.

"ತೊಳೆದರೆ ಹೋಗುವುದಿಲ್ಲವೇ?" ಎಂದ ಆ ಮನುಷ್ಯ.

"ತೊಳೆಯುವುದಾ? ಖಂಡಿತ ಇಲ್ಲ! ಅದು ಚರಿತ್ರೆ. ಅದನ್ನು ಯಾರೂ ಮುಟ್ಟುವಂತಿಲ್ಲ," ಎಂದು ಹೇಳಿ, ಬೇಲಿಯ ಈಚೆ ನನ್ನನ್ನು ಕಂಡು ಅವಳ ಮುಖ ಅರಳಿತು. "ಅದೃಷ್ಟ ನೋಡಿ, ನಮ್ಮ ನೆರೆಯವರು ಭಾರತದವರೇ. ಡಿಯರ್, ನೀವೇ ಹೇಳಿ, ಇದು ಹಾಗೇ ಅಲ್ಲವೇ?"

ಎಲ್ಲರೂ ನನ್ನ ಕಡೆ ತಿರುಗಿದರು. ಇಂಥ ಒಂದು ಗಳಿಗೆಗಾಗಿ ನಾನು ವರ್ಷಗಟ್ಟಲೆ ಕಾದಿದ್ದೆ. ಅದು ಡ್ರಗ್‌ಸ್ಟೋರಿನ ಹರಳೆಣ್ಣೆ, ಹಚ್ಚಿದವಳು ನೀವು ಕೋಣೆ ಕೊಡದೆ ಓಡಿಸಿದ ನನ್ನ ಅಮ್ಮ ಎಂದು ಅಷ್ಟು ಜನರ ಮುಂದೆ ಹೇಳಿಬಿಟ್ಟರೆ ಆ ಬಿಳಿ ಮುಖ ಕೆಂಪಾಗುವುದನ್ನು ಕಣ್ಣು ತುಂಬ ನೋಡಬಹುದಿತ್ತು. ಬಾಯಿ ತೆರೆದೆ ಕೂಡ. ಆಗ ಹೊಳೆಯಿತು. ಹೇಳಿದರೆ ನಾಳೆಯೇ ಬ್ರಷ್ಷು, ಯಾವುದೋ ಆಸಿಡ್ಡು ಹಿಡಿದು ಬರುತ್ತಾರೆ. ಸಂಜೆಯೊಳಗೆ ಅಮ್ಮನ ಕೈ ಆಡಿದ ಜಾಗವೆಲ್ಲ ಸ್ವಚ್ಛವಾಗಿರುತ್ತದೆ.

"ಹೌದು," ಎಂದೆ. "ತುಂಬಾ ಹಳೆಯದು. ಯಾರೂ ಮುಟ್ಟದ ಹಾಗೆ ನೋಡಿಕೊಳ್ಳಿ."

ಅಧ್ಯಕ್ಷೆ ಎದೆಯ ಮೇಲೆ ಕೈಯಿಟ್ಟು, "ಮಾತು ಕೊಡುತ್ತೇನೆ," ಎಂದಳು. ಕಮಿಟಿಯ ಕಾನೂನು ನನ್ನ ಅಮ್ಮನ ಪರವಾಗಿ ಕೆಲಸ ಮಾಡಿದ್ದು ಅದೊಂದೇ ಸಲ.

ಅವರು ಹೋದ ಮೇಲೆ ಗೇಟು ತೆಗೆದು ಹೋಗಿ ನೋಡಿದೆ. ಕಪ್ಪು ನನ್ನ ಸೊಂಟದಷ್ಟು ಎತ್ತರಕ್ಕೂ ಇರಲಿಲ್ಲ. ಅದೂ ನಮ್ಮ ಮನೆಯ ಕಡೆಯ ಮುಖಕ್ಕೆ ಮಾತ್ರ, ಸ್ಟೂಲಿನ ಮೇಲೆ ಕೂತವಳ ಕೈಗೆ ಎಟುಕಿದಷ್ಟು. ಸುತ್ತ ಹೋಗಲು ಅವಳಿಗೆ ಆಗಿರಲಿಲ್ಲ. ಭಕ್ತಿಯಿಂದ ಮಂಡಿಯೂರಿ ಹಚ್ಚುತ್ತಿದ್ದರಂತೆ! ಅಮ್ಮನಿಗೆ ಮಂಡಿ ಮಡಚಲು ಬರುತ್ತಿದ್ದರೆ ಅವಳು ಇನ್ನೂ ನನ್ನ ಮನೆಯಲ್ಲೇ ಇರುತ್ತಿದ್ದಳು.